ಹಳಿಯ ಈಚೆಗೆ ನಾಲ್ಕು ಗಿಡ

ಆಗಸ್ಟ್ ೧೯, ಶನಿವಾರ

ಮಗಳ ಮನೆಗೆ ಬಂದು ಬಿದ್ದೆ. ಒಂದು ಹಾಸಿಗೆ, ಎರಡು ಪೆಟ್ಟಿಗೆ, ಮೆಣಸಿನ ಬೀಜದ ಡಬ್ಬಿ. ಕ್ವೀನ್‌ಬಿಯನ್‌ನಿಂದ ಓಕ್ಸ್ ಎಸ್ಟೇಟಿಗೆ ದೂರವೇನಿಲ್ಲ, ರೈಲು ಹಳಿ ದಾಟಿದರೆ ಮುಗಿಯಿತು. ಆದರೆ ಹಳಿಯ ಆಚೆ ಒಂದು ಕಾನೂನು, ಈಚೆ ಕ್ಯಾನ್‌ಬೆರಾದ ಕಾನೂನು. ಆಚೆ ಗಾಂಜಾ ಗಿಡ ಬೆಳೆಸಿದರೆ ಅಪರಾಧ. ಈಚೆ ತಲೆಗೆ ಎರಡು ಗಿಡ, ಮನೆಗೆ ನಾಲ್ಕು, ಅದರ ಮೇಲೆ ಒಂದೂ ಇಲ್ಲ. ದೀಪ ಹಾಕಿ ಬೆಳೆಸುವಂತಿಲ್ಲ, ಸೂರ್ಯ ಕೊಟ್ಟಷ್ಟೇ. ಗಿಡ ಇಟ್ಟುಕೊಳ್ಳಬಹುದು, ಬೀಜ ಮಾರುವಂತಿಲ್ಲ, ಕೊಡುವಂತಿಲ್ಲ. ಹಾಗಾದರೆ ಬೀಜ ಎಲ್ಲಿಂದ ಬರಬೇಕು ಎಂದು ಕೇಳಿದರೆ, ಕಾಕಟೂ ಹಕ್ಕಿ ಬೀಳಿಸಿತು ಅನ್ನುತ್ತಾರೆ ಇಲ್ಲಿಯ ಜನ. ಬಡವರಿಗೆ ಸಿಕ್ಕ ಹಕ್ಕುಗಳನ್ನೆಲ್ಲ ನಾನು ನೋಡಿದ್ದೇನೆ, ಎಲ್ಲವೂ ಇದೇ ಜಾತಿಯವು. ಉಣ್ಣು, ಆದರೆ ಬಾಯಿ ತೆರೆಯಬೇಡ.

ಲಿದಿಯಾ ಒಬ್ಬಳೇ ಇದ್ದರೆ ಎರಡು ಗಿಡ. ಅಷ್ಟರಲ್ಲಿ ಅವಳ ಮುಂದಿನ ಚಳಿಗಾಲ ಕಳೆಯುವುದು ಅನುಮಾನ. ಮನೆಯಲ್ಲಿ ಇನ್ನೊಂದು ತಲೆ ಇದ್ದರೆ ನಾಲ್ಕು. ಆ ಇನ್ನೊಂದು ತಲೆ ನಾನಾಗುತ್ತೇನೆ ಎಂದು ಮೊದಲು ಹೇಳಿದವಳು ನೋಲೀನ್. ಲಿದಿಯಾ ಅದನ್ನು ಫೋನಿನಲ್ಲಿ ನನಗೆ ಹೇಳಿದ ಮಧ್ಯಾಹ್ನವೇ ನಾನು ನನ್ನ ಬಾಡಿಗೆ ಕೋಣೆ ಬಿಡುತ್ತೇನೆಂದು ಮಾಲೀಕನಿಗೆ ಹೇಳಿಬಿಟ್ಟೆ.

ನೋಲೀನ್. ನನ್ನ ಗಂಡ ತೋಮೆ ನನ್ನನ್ನು ಬಿಟ್ಟು ಕಟ್ಟಿಕೊಂಡ ಹೆಂಗಸು. ತೋಮೆ ಸತ್ತ, ಹೆಂಗಸು ಉಳಿದಳು. ಲಿದಿಯಾಗೆ ಒಂಬತ್ತು ತುಂಬಿದಾಗಿನಿಂದ ಒಂದು ವಾರ ನನ್ನ ಮನೆ, ಒಂದು ವಾರ ಅವರ ಮನೆ. ನಾನು ಕಚೇರಿಗಳ ಕಕ್ಕಸು ತೊಳೆದು, ಯೂನಿಯನ್ ಸಭೆ ಮುಗಿಸಿ ಬರುವಷ್ಟರಲ್ಲಿ ಮಗು ಮಲಗಿರುತ್ತಿತ್ತು. ಅಲ್ಲಿ ಕೇಕು, ಕುರಿಮರಿ, ಹಾಡು. ಇದನ್ನು ಕೋರ್ಟು ಸಮಪಾಲು ಅಂದಿತು. ಧಣಿಗಳೂ ಅದನ್ನೇ ಅನ್ನುತ್ತಿದ್ದರು.

ಈಗ ಮಗುವಿಗೆ ಮೂವತ್ತನಾಲ್ಕು. ಬಸ್ಸು ಓಡಿಸುತ್ತಿದ್ದವಳು. ನರದ ಕಾಯಿಲೆ ಬಂದು ಕಾಲುಗಳು ಹಲಗೆಯ ಹಾಗೆ ಸೆಟೆಯುತ್ತವೆ, ನಿದ್ದೆ ಹತ್ತುವುದಿಲ್ಲ. ಡಾಕ್ಟರು ಬರೆಯುವ ಗಾಂಜಾ ಎಣ್ಣೆ ಸಾಹುಕಾರರ ಎಣ್ಣೆ. ಯಾರೋ ಕೊಟ್ಟ ಮನೆಯ ಎಣ್ಣೆ ಹೋದ ವರ್ಷ ಸ್ವಲ್ಪ ದಿನ ಇತ್ತು. ಆಗ ಅವಳು ಮಲಗಿದ್ದಳು, ನಾನು ನೋಡಿದ್ದೇನೆ.

ಬಾಗಿಲಲ್ಲಿ ನನ್ನ ಹಾಸಿಗೆ ಕಂಡು ಲಿದಿಯಾ ನಮ್ಮ ಭಾಷೆಯಲ್ಲಿ ಅಮ್ಮ ಎಂದು ಕರೆದು ಅಂದದ್ದು ಇಷ್ಟೇ: "ಮಾಮೊ, ಇದನ್ನ ಎಲ್ಲಿ ತುರುಕ್ತೀಯ? ನನ್ನ ತಲೆ ಮೇಲಾ?"

ಆಗಸ್ಟ್ ೨೨

ನೋಲೀನ್ ಬಂದಳು. ಆಗಸ್ಟ್ ಅಂದರೆ ಇಲ್ಲಿ ಚಳಿಗಾಲ, ಹೊರಗೆ ಮಂಜು ಬಿದ್ದಿದೆ, ಇವಳು ಚಡ್ಡಿಯಲ್ಲಿ. ಅರವತ್ತು ದಾಟಿದೆ, ಇನ್ನೂ ಕುರಿ ಉಣ್ಣೆ ಕತ್ತರಿಸುವವರ ಶೆಡ್ಡುಗಳಲ್ಲಿ ಅಡುಗೆ ಮಾಡುತ್ತಾಳೆ. ನನ್ನ ಹೆಸರು ತ್ರಾಯಾಂಕಾ. ಅವಳಿಗೆ ನಾನು ಟ್ರೇಸ್. ಕೆಮ್ಮಿನ ಮಾತ್ರೆಯ ಡಬ್ಬಿ ತೆಗೆದು ಮೇಜಿನ ಮೇಲೆ ಎಂಟು ಬೀಜ ಸುರಿದು, ಕಾಕಟೂ ಈ ಸಲ ಧಾರಾಳಿ ಅಂದಳು. ಲಿದಿಯಾ ನಕ್ಕಳು. ನಾನು ಬಂದ ಮೇಲೆ ಈ ಮನೆಯಲ್ಲಿ ಕೇಳಿದ ಮೊದಲ ನಗು.

ಮೊಸರಿನ ಡಬ್ಬಿಗಳ ತಳಕ್ಕೆ ತೂತು ಹೊಡೆದು ಮಣ್ಣು ತುಂಬಿದೆವು. ಅಡುಗೆಮನೆಯ ಕಿಟಕಿ ಉತ್ತರಕ್ಕಿದೆ, ಇಲ್ಲಿ ಸೂರ್ಯ ಆ ಕಡೆಯೇ, ದಿನವಿಡೀ ಬಿಸಿಲು. ನಾಲ್ಕು ಬೀಜ ನನ್ನ ಕೈಯಿಂದ, ಎಡಕ್ಕೆ. ನಾಲ್ಕು ಅವಳ ಕೈಯಿಂದ, ಬಲಕ್ಕೆ. ನಡುವೆ ನನ್ನ ಮೆಣಸಿನ ಸಸಿಗಳು, ಗಡಿಯಂತೆ. ನಾಲ್ಕು ಸಾಲದೇ, ಎಂಟೇಕೆ ಎಂದೆ. ಎಲ್ಲ ಬದುಕಲ್ಲ, ಆಮೇಲೆ ನೋಡಿ ಕಡಿಮೆ ಮಾಡೋಣ ಅಂದಳು. ನನಗೆ ಹೇಳಿಕೊಡುತ್ತಾಳೆ. ಸಮುದ್ರದಾಚೆಯ ನನ್ನ ಹುಟ್ಟೂರು ಬಿತೋಲಾದಲ್ಲಿ ನನ್ನವ್ವ ಊರಿಗೆಲ್ಲ ಮೆಣಸಿನ ಸಸಿ ಎಬ್ಬಿಸಿ ಕೊಡುತ್ತಿದ್ದಳು.

ಆಗಸ್ಟ್ ೩೦

ಎಂಟೂ ಮೊಳೆತಿವೆ. ಅವಳವು ಒಂದು ದಿನ ಮೊದಲು.

ಲಿದಿಯಾ ಊರುಗೋಲು ಹಿಡಿದು ಕಿಟಕಿಯ ತನಕ ಹೋಗಿ ಬಲಗಡೆಯ ಡಬ್ಬಿಗಳ ಮೇಲೆ ಬಗ್ಗಿ, "ನೋಲ್, ನಿನ್ನ ಕೈಗುಣ ತುಂಬಾ ಚೆನ್ನಾಗಿದೆ, ಥ್ಯಾಂಕ್ಸ್" ಅಂದಳು. ಎಷ್ಟು ಮೃದು. ನನ್ನ ಕಡೆ ತಿರುಗಿ, ಮೆಣಸಿನ ಡಬ್ಬಿ ಯಾಕೆ ಇಲ್ಲಿ ಅಡ್ಡ ಇಟ್ಟಿದ್ದೀ, ಪಾತ್ರೆ ತೊಳೆಯೋಕೆ ಜಾಗ ಇಲ್ಲ ಎಂದು ರೇಗಿದಳು.

ಹೊಟ್ಟೆಯಲ್ಲಿ ಕೆಂಡ. ಬರೆದರೆ ಆರುತ್ತದೆ ಅನ್ನುತ್ತಾರೆ. ಸುಳ್ಳು.

ಸೆಪ್ಟೆಂಬರ್ ೩

ನೀರಿನ ಜಗಳ. ಅವಳದು ಮೇಲಿನಿಂದ ತುಂತುರು, ಹಾಡು ಬೇರೆ. ನನ್ನದು ನನ್ನವ್ವನ ಕ್ರಮ: ತಟ್ಟೆಯಲ್ಲಿ ನೀರಿಟ್ಟು ಡಬ್ಬಿ ಕೂರಿಸಬೇಕು, ಬೇರು ತಾನೇ ಕುಡಿಯಬೇಕು, ಎಲೆ ನೆನೆಯಬಾರದು. ಬಾಯಾರಿದವರ ಬಾಯಿಗೆ ಕೊಡು, ತಲೆಗೆ ಯಾಕೆ ಸುರಿಯುತ್ತೀ ಎಂದೆ. ಹಳೇ ಯೂನಿಯನ್ನಿನವಳು ಭಾಷಣ ಶುರು ಮಾಡಿದಳು ಎಂದು ಅವಳು ನಕ್ಕಳು. ಕೊನೆಗೆ ಒಪ್ಪಂದ: ಅವರವರ ಡಬ್ಬಿಗೆ ಅವರವರ ನೀರು.

ಅವಳು ಹೋದ ಮೇಲೆ ಬಲಗಡೆಯವನ್ನೂ ಮುಟ್ಟಿ ನೋಡಿದೆ. ಮಣ್ಣು ಒಣಗಿದಂತಿತ್ತು. ತಟ್ಟೆಯಲ್ಲಿ ನೀರಿಟ್ಟೆ. ಒಪ್ಪಂದ ಮುರಿದದ್ದಲ್ಲ. ಔಷಧಿ ಲಿದಿಯಾದು.

ಸೆಪ್ಟೆಂಬರ್ ೧೦, ಭಾನುವಾರ

ಎರಡು ಸಸಿ ಬಿದ್ದಿವೆ. ನನ್ನದೊಂದು, ಅವಳದೊಂದು. ಬುಡ ದಾರದಂತೆ ತೆಳ್ಳಗಾಗಿ, ಕೊಳೆತು, ಮಲಗಿಬಿಟ್ಟಿವೆ. ನೀರು ಹೆಚ್ಚಾದರೆ ಹೀಗಾಗುತ್ತದೆ. ನನಗೆ ಗೊತ್ತಿಲ್ಲದ್ದೇನಲ್ಲ.

ಲಿದಿಯಾ ಇಬ್ಬರನ್ನೂ ಕೂರಿಸಿ ವಿಚಾರಣೆ ಮಾಡಿದಳು. ಹೊರಬಿದ್ದದ್ದು ಇದು: ನಾನು ಕದ್ದು ಅವಳವಕ್ಕೆ ನೀರಿಡುತ್ತಿದ್ದೆ, ಅವಳೂ ಕದ್ದು ನನ್ನವಕ್ಕೆ ಚಿಮುಕಿಸುತ್ತಿದ್ದಳು. ಒಬ್ಬೊಬ್ಬರೂ ಇನ್ನೊಬ್ಬಳು ಕೊಲ್ಲುತ್ತಾಳೆ ಎಂದುಕೊಂಡು ಇಬ್ಬರೂ ಕೂಡಿ ಮುಳುಗಿಸಿದೆವು.

ನನಗೆ ಲಿದಿಯಾ ಅಂದದ್ದನ್ನು ಬರೆಯುವುದಿಲ್ಲ. ನೋಲೀನ್‌ಗೆ ಅಂದದ್ದು, "ಇರ್ಲಿ ಬಿಡು ನೋಲ್, ನೀನು ಒಳ್ಳೇದಕ್ಕೇ ಮಾಡಿದ್ದು."

ಅದೇ ತಪ್ಪು, ಅದೇ ಕಿಟಕಿ, ಅದೇ ನೀರು. ಒಬ್ಬಳಿಗೆ ಬೈಗುಳ, ಇನ್ನೊಬ್ಬಳಿಗೆ ಕ್ಷಮೆ. ಒಂದೇ ಕೆಲಸಕ್ಕೆ ಎರಡು ಕೂಲಿ ಕೊಟ್ಟರೆಂದು ನಾನು ಬಕೆಟ್ಟು ಕವುಚಿ ಹಾಕಿ ಮುನ್ನೂರು ಹೆಂಗಸರನ್ನು ಬೀದಿಗೆ ಕರೆತಂದವಳು. ಇಲ್ಲಿ ಯಾರನ್ನು ಕರೆತರಲಿ?

ಸೆಪ್ಟೆಂಬರ್ ೨೪

ಆರು ಉಳಿದಿವೆ. ನನ್ನ ಮೂರು ನೆಟ್ಟಗೆ ಎದ್ದಿವೆ, ಸೈನಿಕರ ಹಾಗೆ. ಅವಳ ಮೂರರಲ್ಲಿ ಒಂದು ಮಾತ್ರ ಎತ್ತರ. ಉಳಿದೆರಡು ಗಿಡ್ಡ, ಮೊಣಕೈ ಮೊಣಕೈ ತಾಗಿಸಿಕೊಂಡು ಕುಳಿತ ಅಜ್ಜಿಯರಂತೆ. ನೋಲೀನ್‌ಗೆ ಅವೆರಡರ ಮೇಲೇ ಪ್ರೀತಿ. ಬೆರಳ ತುದಿಯಲ್ಲಿ ಎಲೆ ಎತ್ತಿ ಎತ್ತಿ ಏನನ್ನೋ ಹುಡುಕುತ್ತಾಳೆ. ಏನದು ಎಂದು ಲಿದಿಯಾ ಕೇಳಿದರೆ, ಇನ್ನೂ ಕಾಣಲ್ಲ ಕಂದ ಅನ್ನುತ್ತಾಳೆ. ನಾನು ಕೇಳಲಿಲ್ಲ. ಕೇಳುವುದೂ ಇಲ್ಲ.

ನನ್ನವು ಎತ್ತರ ಎಂದು ಇಲ್ಲಿ ಇನ್ನೊಮ್ಮೆ ಬರೆಯುತ್ತೇನೆ.

ಅಕ್ಟೋಬರ್ ೫

ಲಿದಿಯಾಗೆ ಕೆಟ್ಟ ದಿನ. ಬೆಳಿಗ್ಗೆ ಸ್ನಾನಕ್ಕೆ ಹೋದವಳ ಬಲಗಾಲು ಸೆಟೆದು ನಿಂತಿತು, ತೊಟ್ಟಿಯ ಅಂಚು ಹಿಡಿದು ಹಲ್ಲು ಕಚ್ಚುತ್ತಿದ್ದಳು. ನಾನು ಮೀನಖಂಡ ಒತ್ತಿದೆ. "ಕೈ ತೆಗಿ ಮಾಮೊ, ನೆಲ ಉಜ್ತಾ ಇದ್ದೀಯಾ?" ಅಂದಳು. ಅಷ್ಟರಲ್ಲಿ ನೋಲೀನ್ ಬಂದು ಒತ್ತಿದಳು. ಲಿದಿಯಾ ಕಣ್ಣು ಮುಚ್ಚಿ ಸುಮ್ಮನಿದ್ದಳು, ಮುಗಿದ ಮೇಲೆ ಥ್ಯಾಂಕ್ಸ್ ಅಂದಳು.

ನೆಲ ಉಜ್ಜಿದ ಕೈ ಹೌದು. ಅದೇ ಕೈಯಿಂದ ನಿನ್ನನ್ನು ಸಾಕಿದ್ದು. ಬಾಯಿಗೆ ಬಂತು, ನುಂಗಿದೆ. ಬಂದು ಸಸಿಗಳಿಗೆ ನೀರಿಟ್ಟೆ. ಅವು ತಿರುಗಿ ಮಾತಾಡುವುದಿಲ್ಲ.

ಅಕ್ಟೋಬರ್ ೧೪

ನೋಲೀನ್ ದೂರದ ‘ಹೇ’ ಎಂಬ ಊರಿನ ಕಡೆ ಉಣ್ಣೆ ಶೆಡ್ಡಿಗೆ ಅಡುಗೆಗೆ ಹೋದಳು. ಹೋಗುವಾಗ, ಕಡಿಮೆ ಮಾಡೋದು ನಾನು ಬಂದ ಮೇಲೆ ಎಂದು ಎರಡು ಸಲ ಹೇಳಿದಳು. ನನ್ನ ಮನೆಯಲ್ಲಿ ನನಗೆ ಆಜ್ಞೆ. ಕಾನೂನಿನ ಲೆಕ್ಕದಲ್ಲಿ ಇಲ್ಲಿ ವಾಸವಿರುವವಳು ನಾನು. ಅವಳು ಹಳಿಯಾಚೆಯವಳು.

ಅವಳಿಲ್ಲದ ಮನೆ ಎಷ್ಟು ನಿಶ್ಶಬ್ದ. ನಮ್ಮ ಕಡೆಯ ಬುರೆಕ್, ಚೀಸ್ ತುಂಬಿದ ಪದರ ರೊಟ್ಟಿ, ಬೇಯಿಸಿದೆ. ಲಿದಿಯಾ ಮೂರು ತುಂಡು ತಿಂದು, ಉಪ್ಪು ಜಾಸ್ತಿ ಅಂದಳು.

ಅಕ್ಟೋಬರ್ ೨೧, ಶನಿವಾರ

ಮಾಡಿಬಿಟ್ಟೆ.

ಪಕ್ಕದ ಸಾಲಿನಲ್ಲಿ ಸರ್ಕಾರಿ ಬಾಡಿಗೆ ಮನೆಗಳ ತಪಾಸಣೆ ನಡೆದಿದೆ, ಸೋಮವಾರ ನಮ್ಮ ಸಾಲಂತೆ. ಆರು ಗಿಡ ಕಂಡರೆ ಲಿದಿಯಾಗೆ ತೊಂದರೆ. ಇದು ನಿಜವಾದ ಕಾರಣ. ಎಂಟು ವಾರ ಎಂಟು, ಆರು ಗಿಡ ಇಟ್ಟುಕೊಂಡು ಹೆದರದವಳಿಗೆ ಇವತ್ತೇ ಯಾಕೆ ಹೆದರಿಕೆ ಬಂತು ಎಂದು ಯಾರೂ ಕೇಳಬೇಡಿ.

ಮೆಣಸಿನ ಸಸಿಯಲ್ಲಿ ನಮ್ಮ ಕಡೆಯ ನಿಯಮ ಒಂದೇ: ಎತ್ತರದ್ದು ಉಳಿಯಲಿ, ಗಿಡ್ಡದ್ದು ಹೋಗಲಿ. ನನ್ನವ್ವ ಕಣ್ಣು ಮುಚ್ಚಿ ಮಾಡುತ್ತಿದ್ದ ಕೆಲಸ. ಅಜ್ಜಿಯರಿಬ್ಬರನ್ನೂ ಮಣ್ಣಿನ ಹೆಂಟೆ ಸಮೇತ ಎತ್ತಿ, ಕಾಫಿ ಚರಟ, ಆಲೂಗೆಡ್ಡೆ ಸಿಪ್ಪೆ ಇದ್ದ ಬಕೆಟ್ಟಿಗೆ ಹಾಕಿದೆ. ಈಗ ನಾಲ್ಕು. ನನ್ನವು ಮೂರು, ಅವಳದು ಒಂದು. ಸ್ಪಷ್ಟ ಬಹುಮತ.

ಕೈ ತೊಳೆದುಕೊಂಡೆ. ವಾಸನೆ ಹೋಗಲಿಲ್ಲ.

ಅಕ್ಟೋಬರ್ ೨೨

ನೋಲೀನ್ ಬೆಳಿಗ್ಗೆಯೇ ಬಂದಳು, ಧೂಳಾಗಿ. ಕಿಟಕಿಯ ಮುಂದೆ ನಿಂತಳು. ನಾಲ್ಕು ಡಬ್ಬಿ ನೋಡಿದಳು. ನಾನು ಕಾಫಿ ಕುದಿಸುತ್ತ ಬೆನ್ನು ತಿರುಗಿಸಿಯೇ, ತಪಾಸಣೆ, ಮೆಣಸಿನ ನಿಯಮ, ಎಲ್ಲ ಹೇಳಿದೆ. ಬೈಯಲಿ ಎಂದು ಕಾದೆ. ಉತ್ತರಗಳನ್ನು ಸಾಲಾಗಿ ಜೋಡಿಸಿಟ್ಟುಕೊಂಡಿದ್ದೆ.

ಬೈಯಲಿಲ್ಲ. ಎಂದಿನಂತೆ ಸಿಪ್ಪೆಯ ಬಕೆಟ್ಟನ್ನು ತನ್ನ ಕೋಳಿಗಳಿಗೆಂದು ಎತ್ತಿಕೊಂಡು ಹೊರಟಳು. ಕಾಫಿ ಕುಡಿಯಲಿಲ್ಲ.

ಗೆದ್ದೆ. ಗೆದ್ದವಳಿಗೆ ಹಸಿವಾಗಬೇಕು. ಮಧ್ಯಾಹ್ನದ ತನಕ ಏನೂ ಸೇರಲಿಲ್ಲ.

ನವೆಂಬರ್ ೭, ಕಪ್ ದಿನ

ಈ ಊರಿನಲ್ಲಿ ಕುದುರೆ ಜೂಜಿನ ಕಪ್ ಮುಗಿಯುವ ತನಕ ಯಾರೂ ಸಸಿಯನ್ನು ಹೊರಗಿಡುವುದಿಲ್ಲ. ಅಲ್ಲಿಯವರೆಗೆ ಮಂಜು ನಂಬಿಕೆಗೆ ಯೋಗ್ಯವಲ್ಲ. ಟೀವಿಯಲ್ಲಿ ಕುದುರೆಗಳು ಓಡಿದವು, ನಾವು ಆರಿಸಿದ್ದು ಕೊನೆಯಿಂದ ಎರಡನೆಯದು. ಆಮೇಲೆ ನಾಲ್ಕು ಗಿಡಗಳನ್ನು ದೊಡ್ಡ ಕುಂಡಕ್ಕೆ ಹಾಕಿ, ಮೆಣಸಿನ ಸಸಿಗಳ ಜೊತೆ ಹಿತ್ತಲಿಗೆ ಒಯ್ದೆವು. ನನ್ನವು ಸೊಂಟದವರೆಗೆ. ನೋಲೀನ್ ಕುಂಡ ಹೊತ್ತಳು, ಮಾತು ಕಡಿಮೆ. ಹೋಗಲು ಅವಸರ. ಈಚೆಗೆ ಯಾವಾಗಲೂ ಅವಸರ. ಹೊತ್ತಿಗೆ ಸರಿಯಾಗಿ ಮನೆಗೆ ಓಡುತ್ತಾಳೆ. ಯಾರಾದರೂ ಗಂಡಸು ಸಿಕ್ಕಿರಬೇಕು ಎಂದು ಲಿದಿಯಾಗೆ ಹೇಳಿದೆ. ಅವಳು ಎರಡು ಗಂಟೆ ನನ್ನ ಜೊತೆ ಮಾತು ಬಿಟ್ಟಳು.

ಅಡುಗೆಮನೆಯ ಕಿಟಕಿ ಬೋಳಾಗಿದೆ. ಹಾಡು ಇಲ್ಲ. ನೀರಿಡಲು ಏನೂ ಇಲ್ಲ. ಖಾಲಿ ತಟ್ಟೆಯನ್ನು ತೊಳೆದು ಅಲ್ಲೇ ಇಟ್ಟೆ.

ಡಿಸೆಂಬರ್ ೩, ಭಾನುವಾರ

ನೋಲೀನ್ ಹಿತ್ತಲಲ್ಲಿ ಕನ್ನಡಕ ಹಾಕಿಕೊಂಡು ಗಿಡದಿಂದ ಗಿಡಕ್ಕೆ ಹೋದಳು. ರೆಂಬೆ ಕವಲೊಡೆಯುವ ಮೂಲೆಯಲ್ಲಿ ಸಣ್ಣ ಸಣ್ಣ ಗೋಲಿಗಳು. ನಾನು ಅದನ್ನು ವಾರದ ಹಿಂದೆಯೇ ನೋಡಿ, ಮೊಗ್ಗು ಎಂದು ಹಿಗ್ಗಿದ್ದೆ.

ಗಂಡು ಅಂದಳು. ಇದೂ ಗಂಡು. ಇದೂ. ನಾಲ್ಕೂ ಗಂಡು.

ಗಾಂಜಾದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಔಷಧಿ ಕೊಡುವುದು ಹೆಣ್ಣು. ಗಂಡು ಬೇಗ ಬೇಗ ಎತ್ತರಕ್ಕೆ ಏಳುತ್ತದೆ, ಪರಾಗದ ಹಿಟ್ಟು ಉದುರಿಸುತ್ತದೆ, ಕೆಲಸಕ್ಕೆ ಬಾರದು. ಕುಳ್ಳಗೆ, ದಟ್ಟಗೆ, ನಿಧಾನಕ್ಕೆ ಬರುವುದು ಸಾಮಾನ್ಯವಾಗಿ ಹೆಣ್ಣು. ಮೆಣಸಿನಲ್ಲಿ ಈ ಭೇದವಿಲ್ಲ. ಜೀವಮಾನವೆಲ್ಲ ಹೆಣ್ಣಾಳುಗಳ ಪರವಾಗಿ ಬಾಯಿ ಹರಿದುಕೊಂಡವಳು ನಾನು. ಎತ್ತರ ನಿಂತವರನ್ನು ಉಳಿಸಿಕೊಂಡು, ತಗ್ಗಿ ಕುಳಿತವರನ್ನು ಸಿಪ್ಪೆಯ ಬಕೆಟ್ಟಿಗೆ ಹಾಕಿದೆ.

ಲಿದಿಯಾ ಮೆಟ್ಟಿಲ ಮೇಲೆ ಕುಳಿತಿದ್ದಳು. ಹಾಗಾದರೆ ಬರುವ ಚಳಿಗಾಲಕ್ಕೆ ಏನೂ ಇಲ್ಲವೇ ಎಂದು ಕೇಳಿದಳು, ಯಾರನ್ನೂ ನೋಡದೆ. ಆಮೇಲೆ, ಆ ಎರಡು ಚಿಕ್ಕವು ಇದ್ದವಲ್ಲ, ಅವನ್ನು ಯಾಕೆ ಕಿತ್ತದ್ದು ಅಂದಳು.

"ನಾನೇ ಹೇಳಿದ್ದು ಕಂದ," ಅಂದಳು ನೋಲೀನ್. "ಶೆಡ್ಡಿಂದ ಫೋನ್ ಮಾಡಿ ಕಿತ್ತು ಹಾಕು ಅಂದೆ. ನನ್ನ ಲೆಕ್ಕ ತಪ್ಪಾಯ್ತು."

ಲಿದಿಯಾ ತಲೆಯಾಡಿಸಿದಳು. ಇರಲಿ ನೋಲ್, ನಿನಗೇನು ಗೊತ್ತಿತ್ತು ಎಂದು ಹೇಳಲು ಬಾಯಿ ತೆರೆದಿದ್ದಳು. ನನ್ನ ಮೈಯೆಲ್ಲ ಹೊತ್ತಿಕೊಂಡಿತು. ನನ್ನ ಗಂಡನನ್ನು ತೆಗೆದುಕೊಂಡಳು, ಮಗಳ ಅರ್ಧ ಬಾಲ್ಯ ತೆಗೆದುಕೊಂಡಳು, ಈಗ ನನ್ನ ತಪ್ಪನ್ನೂ ತೆಗೆದುಕೊಂಡು ಅದಕ್ಕೂ ಕ್ಷಮೆ ಗಿಟ್ಟಿಸುತ್ತಿದ್ದಾಳೆ.

"ಸುಳ್ಳು," ಅಂದೆ. "ಇವಳು ಫೋನೂ ಮಾಡಿಲ್ಲ, ಮಣ್ಣೂ ಇಲ್ಲ. ಕೀಳಬೇಡ ಅಂತ ಹೇಳಿ ಹೋಗಿದ್ಲು. ಕಿತ್ತಿದ್ದು ನಾನು. ಇವಳದ್ದು ಅಂತ ಕಿತ್ತೆ."

ಒಳ್ಳೆಯತನಕ್ಕೆ ಹೇಳಿದ್ದಲ್ಲ. ಬಿಟ್ಟುಕೊಡಲಾಗಲಿಲ್ಲ, ಅಷ್ಟೇ.

ಲಿದಿಯಾ ನನ್ನನ್ನು ನೋಡಿದಳು. ಬೈದಳು. ನಮ್ಮ ಭಾಷೆ, ಇಂಗ್ಲಿಷು, ಎರಡರಲ್ಲೂ ಬೈದಳು. ಓಣಿಯ ನಾಯಿಗಳು ಬೊಗಳತೊಡಗಿದವು. ನೋಲೀನ್ ಬೇಲಿಯ ಹತ್ತಿರ ನಿಂತು ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಅವಳ ಮುಖದಲ್ಲಿ ಇದ್ದದ್ದು ಸಂತೋಷವಲ್ಲ. ಏನೆಂದು ಗೊತ್ತಾಗಲಿಲ್ಲ.

ನಾಲ್ಕನ್ನೂ ನಾನೇ ಕಡಿದೆ.

ಡಿಸೆಂಬರ್ ೫

ಲಿದಿಯಾ ಮಾತಾಡುತ್ತಿಲ್ಲ. ನಡುರಾತ್ರಿಯ ನರಳುವಿಕೆ ಗೋಡೆಯ ಮೂಲಕ ಕೇಳುತ್ತದೆ. ಗಿಡವಿಲ್ಲ. ಕಾನೂನಿಗೆ ನನ್ನ ತಲೆ ಬೇಕಿಲ್ಲ. ಮಗಳಿಗೆ ಬೇಕೇ? ಮುಷ್ಕರದಲ್ಲಿ ಪೊಲೀಸರ ಕುದುರೆಗಳ ಮುಂದೆ ಕುಳಿತವಳಿಗೆ ಇದನ್ನು ಕೇಳುವ ಎದೆಯಿಲ್ಲ. ಪೆಟ್ಟಿಗೆಗಳನ್ನು ಹಾಸಿಗೆಯ ಕೆಳಗಿನಿಂದ ಎಳೆದಿಟ್ಟೆ.

ಡಿಸೆಂಬರ್ ೬

ನೋಲೀನ್ ಹಿಂಬಾಗಿಲಿಗೆ ಬಂದು, ನನ್ನ ಮನೆಗೆ ಬಾ, ತರಕಾರಿ ತರುವ ಕೈಗಾಡಿ ತೆಗೆದುಕೊಂಡು ಬಾ ಅಂದಳು.

ಆ ಮನೆಯ ಒಳಗೆ ನಾನು ಈವರೆಗೆ ಕಾಲಿಟ್ಟಿರಲಿಲ್ಲ. ಮಗುವನ್ನು ಬಿಡಲು ಬಂದಾಗಲೆಲ್ಲ ಗೇಟಿನಲ್ಲೇ ನಿಲ್ಲುತ್ತಿದ್ದೆ. ನೇರ ಬಚ್ಚಲಿಗೆ ಕರೆದೊಯ್ದಳು. ಕಿಟಕಿಗೆ ಅರ್ಧ ಪರದೆ, ಸ್ನಾನದ ತೊಟ್ಟಿಗೆ ಅಡ್ಡ ಹಲಗೆ, ಹಲಗೆಯ ಮೇಲೆ ಅಜ್ಜಿಯರಿಬ್ಬರು. ಮೊಣಕಾಲೆತ್ತರ, ದಟ್ಟ, ಹಸಿರು. ಪಕ್ಕದಲ್ಲಿ ತಟ್ಟೆ. ತಟ್ಟೆಯಲ್ಲಿ ನೀರು.

ಬಕೆಟ್ಟಿನಿಂದ ತೆಗೆದೆ ಅಂದಳು. ಒಂದಕ್ಕೆ ಬೇರು ಹರಿದಿತ್ತು, ಬದುಕಲ್ಲ ಅಂದುಕೊಂಡಿದ್ದಳಂತೆ. ಮೇಲಿನಿಂದ ಚಿಮುಕಿಸಿದರೆ ಬಾಡುತ್ತಿತ್ತು, ನನ್ನ ಹಾಗೆ ಕೆಳಗಿನಿಂದ ಕೊಟ್ಟ ಮೇಲೆ ಹಿಡಿಯಿತಂತೆ. ಕವಲಿನ ಮೂಲೆಯನ್ನು ತೋರಿಸಿದಳು. ಗೋಲಿಯಲ್ಲ, ಎರಡು ಬಿಳಿ ಕೂದಲೆಳೆ, ಮೂಡಿದ್ದು ನಿನ್ನೆಯಂತೆ. ಹೆಣ್ಣು. ಎರಡೂ.

ಹಳಿಯ ಆಚೆ, ಬಚ್ಚಲಲ್ಲಿ, ಅಪರಾಧ ಬೆಳೆಸುತ್ತ ಕುಳಿತಿದ್ದಳು ಇವಳು. ಕಪ್ ದಿನ ಅವಸರದಲ್ಲಿ ಓಡಿದ್ದು ಇದಕ್ಕೆ.

ಮೊದಲೇ ಯಾಕೆ ಹೇಳಲಿಲ್ಲ ಎಂದೆ. ಅಲ್ಲಿ ನಾಲ್ಕು ಇದ್ದವು, ಇವನ್ನು ತಂದರೆ ಆರಾಗುತ್ತಿತ್ತು ಅಂದಳು. ಒಣ ಎಲೆಯೊಂದನ್ನು ಚಿವುಟುತ್ತ ಇನ್ನೊಂದು ಅಂದಳು: ನನ್ನದು ಅಂತ ಏನಾದರೂ ಇರಲಿ ಅನ್ನಿಸಿತು.

ಕುಂಡಗಳನ್ನು ತರಕಾರಿ ಗಾಡಿಯಲ್ಲಿ ಇಳಿಸಿ ಮೇಲೆ ಸೊಪ್ಪಿನ ಕಟ್ಟು ಹರಡಿದೆವು. ಯಾರು ತಳ್ಳಬೇಕೆಂದು ಜಗಳ. ಸಿಕ್ಕಿಬಿದ್ದರೆ ಪೊಲೀಸ್ ವ್ಯಾನಿನಲ್ಲಿ ಹೇಗೆ ಕೂರಬೇಕೆಂದು ನನಗೆ ಗೊತ್ತು, ನಿನಗೆ ಅನುಭವವಿಲ್ಲ ಎಂದೆ. ಗಿಡ ನನ್ನದು ಅಂದಳು. ಕೊನೆಗೆ ಹಿಡಿಯ ಮೇಲೆ ಒಂದೊಂದು ಕೈ ಇಟ್ಟು ಇಬ್ಬರೂ ತಳ್ಳಿದೆವು. ಹಾದಿಹೋಕರಿಗೆ ಎರಡು ಮುದುಕಿಯರು, ಒಂದು ಗಾಡಿ ಸೊಪ್ಪು.

ಹಳಿ ಕಾಣುವಷ್ಟರಲ್ಲಿ ನನಗೆ ತಡೆಯಲಾಗಲಿಲ್ಲ. ಎರಡೇ ಗಿಡ, ಲಿದಿಯಾಳ ಪಾಲಿನವೇ ಸಾಕು, ಕಾನೂನಿಗೆ ನಾನು ಬೇಡ ಎಂದೆ. ಶನಿವಾರ ಹೋಗುತ್ತೇನೆ, ಅವಳಿಗೆ ಹೇಗೂ ನೀನು ಇದ್ದರೆ ಸಾಕು, ನಿನ್ನ ಹತ್ತಿರ ಮೃದು, ನನ್ನನ್ನು ಕಂಡರೆ ಉರಿದು ಬೀಳುತ್ತಾಳೆ ಎಂದೆ.

ನೋಲೀನ್ ಗಾಡಿ ನಿಲ್ಲಿಸಿದಳು.

"ಇಪ್ಪತ್ತೈದು ವರ್ಷ ಆಯ್ತು ಟ್ರೇಸ್," ಅಂದಳು. "ಆ ಹುಡುಗಿ ನನ್ನ ಮೇಲೆ ಒಂದ್ಸಲನೂ ರೇಗಿಲ್ಲ. ಬಾಗಿಲು ಬಡಿದಿಲ್ಲ. ಸಾರು ಚೆನ್ನಾಗಿಲ್ಲ ಅಂದಿಲ್ಲ. ಒಂಬತ್ತು ವರ್ಷದ ಮಗು, ನಮ್ಮ ಮನೇಲಿ ಲೋಟ ಒಡೆದು ಮೂರು ಸಲ ಸಾರಿ ಕೇಳ್ತು. ನೆಂಟರ ಮನೆಗೆ ಬಂದವಳ ಹಾಗೆ. ಇವತ್ತಿಗೂ ಥ್ಯಾಂಕ್ಸ್, ಥ್ಯಾಂಕ್ಸ್. ಅವತ್ತು ಹಿತ್ತಲಲ್ಲಿ ನಿನಗೆ ಬೈತಿದ್ದಾಗ ನನಗೆ ಹೇಗಾಯ್ತು ಗೊತ್ತಾ? ನನಗೂ ಒಂದ್ಸಲ ಹಾಗೆ ಬೈಬಾರ್ದಾ ಅನ್ನಿಸ್ತು. ತಪ್ಪು ನಂದು ಅಂತ ಸುಳ್ಳು ಹೇಳಿದ್ದೇ ಅದಕ್ಕೆ. ಅದಕ್ಕೂ ನೀನು ಬಿಡಲಿಲ್ಲ."

ಇಷ್ಟು ವರ್ಷ ನಾನು ಗೇಟಿನ ಹೊರಗೆ ನಿಂತು ಹೊಟ್ಟೆ ಉರಿದುಕೊಂಡೆ. ಅವಳು ಗೇಟಿನ ಒಳಗೆ ಕುಳಿತು ಉರಿದುಕೊಂಡಳು.

ಪೊಲೀಸ್ ಕಾರೊಂದು ನಿಧಾನವಾಗಿ ಪಕ್ಕಕ್ಕೆ ಬಂತು. ಒಳಗಿನ ಹುಡುಗಿ ಗಾಜು ಇಳಿಸಿ, ಹಳಿ ದಾಟಲು ಕೈ ಹಿಡಿಯಲೇ ಎಂದು ಕೇಳಿದಳು. ಬೇಡಮ್ಮ, ನಾವು ಇಬ್ಬರಿದ್ದೇವೆ ಅಂದೆ. ಕಾರು ಹೋಯಿತು. ನೋಲೀನ್ ಸೊಪ್ಪಿನ ಕಟ್ಟನ್ನು ಇನ್ನಷ್ಟು ಒತ್ತಿದಳು, ನಾನೂ. ಗಾಡಿಯನ್ನು ಎತ್ತಿ ಹಳಿ ದಾಟಿಸಿದೆವು.

ಲಿದಿಯಾ ಊರುಗೋಲು ಹಿಡಿದು ಬೀದಿಯ ತುದಿಯ ತನಕ ನಡೆದು ಬಂದು ನಿಂತಿದ್ದಳು. ಕಾರು ನಮ್ಮ ಪಕ್ಕ ನಿಂತದ್ದನ್ನು ಅಲ್ಲಿಂದಲೇ ನೋ­ಡಿದ್ದಾಳೆ. ಸೊಪ್ಪು ಸರಿಸಿ ನೋಡಿದಳು. ಬಚ್ಚಲು, ಬಕೆಟ್ಟು, ಹೆಣ್ಣು, ಎಲ್ಲವನ್ನೂ ನಾನೇ ಹೇಳಿದೆ. ಅವಳ ಕಣ್ಣು ತುಂಬಿತು. ಆಮೇಲೆ ಬಾಯಿ ತೆರೆಯಿತು.

ಮೊದಲು ನನಗೆ. ಅದು ಅಭ್ಯಾಸ. ನಾನು ತಲೆ ಕೊಟ್ಟು ನಿಂತೆ. ಅರ್ಧಕ್ಕೆ ನಿಲ್ಲಿಸಿ ನೋಲೀನ್ ಕಡೆ ತಿರುಗಿದಳು.

"ನೀನೇನು ಬಾಯಿ ಮುಚ್ಕೊಂಡು ನಿಂತಿದ್ದೀಯ? ಇವಳಿಗಂತೂ ತಲೆ ಇಲ್ಲ, ನಿನಗೆ ಬುದ್ಧಿ ಎಲ್ಲಿ ಹೋಗಿತ್ತು? ಒಂದೂವರೆ ತಿಂಗಳು ಬಚ್ಚಲಲ್ಲಿ ಇಟ್ಕೊಂಡು ನನಗೊಂದು ಮಾತು ಹೇಳಲಿಲ್ಲ. ನಿನ್ನನ್ನ ಹಿಡ್ಕೊಂಡು ಹೋಗಿದ್ರೆ ನಾನು ಯಾರ ಮನೆ ಬಾಗಿಲಿಗೆ ಹೋಗ್ಬೇಕಿತ್ತು? ಮುದಿ ಕತ್ತೆಗಳಾ ನೀವಿಬ್ಬರೂ."

ನೋಲೀನ್ ಅಳತೊಡಗಿದಳು. ಚಡ್ಡಿಯ ಜೇಬಿನಿಂದ ಕರವಸ್ತ್ರ ತೆಗೆದು ಮೂಗು ಒರೆಸಿಕೊಳ್ಳುತ್ತ, ಅಳುತ್ತ, ಹಲ್ಲೆಲ್ಲ ಬಿಟ್ಟು ನಗುತ್ತಿದ್ದಳು. ಲಿದಿಯಾಗೆ ಅರ್ಥವಾಗಲಿಲ್ಲ, ನಗ್ತೀಯ ಬೇರೆ ಎಂದು ಇನ್ನಷ್ಟು ಬೈದಳು. ನೋಲೀನ್ ಒಂದೊಂದು ಮಾತನ್ನೂ ಮುಖವೊಡ್ಡಿ ತೆಗೆದುಕೊಂಡಳು.

ನನಗೆ ಉರಿಯಿತು. ಇಷ್ಟು ವರ್ಷ ಪೂರ್ತಿ ನನ್ನೊಬ್ಬಳದಾಗಿದ್ದ ಬೈಗುಳ, ಅದರಲ್ಲಿ ಅರ್ಧ ಹೋಯಿತು.

ಹೋಗಲಿ.